ನಮ್ಮ ಗಾಡಿ ಕೊಟ್ಟಿಗೆಯಲ್ಲಿ ನಿಂತ ಎಂ.ಜಿ.

ಹೋದ ತಿಂಗಳು ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ವಾಹನಗಳೆಲ್ಲ ಗಂಟುಬಿದ್ದು ನಿಂತವು. ನಮ್ಮ ಮುಂದಿದ್ದ ಬಾಡಿಗೆ ಕಾರಿನ ಹುಡುಗ ಏರಿನಲ್ಲಿ ಬ್ರೇಕ್ ಹಿಡಿಯದೆ, ಕ್ಲಚ್ಚಿನ ಮೇಲೇ ಕಾರನ್ನು ನಿಲ್ಲಿಸಿಕೊಂಡು ಆಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಹಳೆಯ ಗೋಣಿಚೀಲ ಹೊಗೆಯಾಡಿದ ಹಾಗೆ. "ಏನೋ ಸುಡ್ತಿದೆ ಅಜ್ಜಿ, ಗ್ಲಾಸ್ ಏರಿಸು" ಎಂದಳು ಮೊಮ್ಮಗಳು. "ಕ್ಲಚ್ ಪ್ಲೇಟ್ ಕಣೇ" ಎಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಸೈಕಲ್ ಕೂಡ ಓಡಿಸಲು ಬಾರದ ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳಿಗೆ ಆಶ್ಚರ್ಯ. ಟ್ರಾಫಿಕ್ಕು ಬಿಡುವಷ್ಟರಲ್ಲಿ ಹೇಳಿ ಮುಗಿಸುವ ಕತೆ ಅದಲ್ಲ.

ಆ ವಾಸನೆ ನನ್ನ ಮೂಗಿಗೆ ಮೊದಲು ಬಡಿದದ್ದು ಐವತ್ತೆಂಟರ ಶ್ರಾವಣದಲ್ಲಿ, ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯಲ್ಲಿ, ನಮ್ಮ ಮನೆಯ ಮುಂದೆಯೇ. ಅವತ್ತು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು.

ನನಗಾಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮುಂದೇನು ಎಂದು ಯಾರೂ ಹೇಳದೆ, ನಾನೂ ಕೇಳದೆ ಮನೆಯಲ್ಲಿದ್ದೆ. ಅಪ್ಪನಿಗೆ ದ್ರಾಕ್ಷಿ ತೋಟ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಅಣ್ಣ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಗಂಡು ಮತ್ತಿಕೆರೆಯ ಗೋವಿಂದರಾಜು, ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರ ಮೇಲಿದ್ದ ಇಂಗ್ಲಿಷ್ ಸಾಹೇಬರು ಊರಿಗೆ ವಾಪಸು ಹೋಗುವಾಗ ತಮ್ಮ ಎಂ.ಜಿ. ಕಾರನ್ನು ಇವರಿಗೆ ಬಿಟ್ಟುಕೊಟ್ಟು ಹೋಗಿದ್ದರು. ಮೇಲೆ ಬಟ್ಟೆಯ ಹೊದಿಕೆ, ಒಳಗೆ ಎರಡೇ ಸೀಟು. ಆದ್ದರಿಂದ ತಾಯಿ ಮಗ ಕಾರಿನಲ್ಲೂ, ದೊಡ್ಡಪ್ಪ ದೊಡ್ಡಮ್ಮ ಬಸ್ಸಿನಲ್ಲೂ ಹೊರಟು ಬಂದಿದ್ದರು. "ಎರಡೇ ಜನ ಕೂರೋ ಕಾರು ಇಟ್ಕೊಂಡೋರು ಮಕ್ಕಳನ್ನ ಎಲ್ಲಿ ಕೂರಿಸ್ತಾರಂತೆ?" ಎಂದು ಅವ್ವ ಅಡುಗೆಮನೆಯಲ್ಲಿ ಮೊದಲೇ ಶುರುಮಾಡಿದ್ದಳು.

ಹಿಂದಿನ ದಿನ ಚೆನ್ನಾಗಿ ಮಳೆ ಹುಯ್ದಿತ್ತು. ಕೆರೆ ಏರಿಯಿಂದ ನಮ್ಮ ಮನೆಗೆ ಹತ್ತುವ ಕೆಮ್ಮಣ್ಣಿನ ದಾರಿಯಲ್ಲಿ ಎತ್ತುಗಳೇ ಜಾರುತ್ತಿದ್ದವು. ಕಾರು ಅರ್ಧ ಏರಿನಲ್ಲಿ ಹೂತುಕೊಂಡಿತು. ಗೋವಿಂದರಾಜು ಕ್ಲಚ್ಚನ್ನು ಅರ್ಧ ಒತ್ತಿ, ಅರ್ಧ ಬಿಟ್ಟು ಎಂಜಿನ್ನನ್ನು ರೇಗಿಸಿದಷ್ಟೂ ಕಾರು ಗೋಳಾಡಿತೇ ಹೊರತು ಮೇಲೆ ಬರಲಿಲ್ಲ. ಆಗ ಬಂದದ್ದು ಆ ವಾಸನೆ, ಜೊತೆಗೆ ನೀಲಿ ಹೊಗೆ. ಕಡೆಗೆ ಅಪ್ಪ ಎತ್ತು ಕಟ್ಟಿಸಿ ಕಾರನ್ನು ಎಳೆಸಿ ಗಾಡಿ ಕೊಟ್ಟಿಗೆಯೊಳಗೆ ನಿಲ್ಲಿಸಿದ. ನಮ್ಮ ಗಾಡಿ ಹೊರಗೆ ಮಳೆಯಲ್ಲಿ ನಿಂತಿತು.

ಆಮೇಲೆ ಕೇಸರಿಬಾತು, ಉಪ್ಪಿಟ್ಟು, ನಾನು ಕ್ರಮವಾಗಿ ಹೊರಗೆ ಬಂದೆವು. ಗಂಡಿನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ನನ್ನನ್ನು ಒಂದು ಸಲ ನೋಡಿದರೆ ಬಾಗಿಲಾಚೆಯ ಕೊಟ್ಟಿಗೆಯನ್ನು ಹತ್ತು ಸಲ ನೋಡಿದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಹೋಗುವಾಗ ಅವರ ತಾಯಿ ಎಲ್ಲರೂ ಹೇಳುವ ಮಾತನ್ನೇ ಹೇಳಿದರು: "ಮನೇಗೋಗಿ ಮಾತಾಡಿ ತಿಳಿಸ್ತೀವಿ." ನಾಲ್ವರೂ ಬಸ್ಸಿಗೆ ನಡೆದು ಹೋದರು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ನೋಡಿ ಹೋದವರ ಒಂದು ಕರವಸ್ತ್ರ ಕೂಡ, ಮಾತು ಗಟ್ಟಿಯಾಗುವವರೆಗೆ, ಹೆಣ್ಣಿನ ಮನೆಯಲ್ಲಿ ಉಳಿಯಬಾರದು. ಉಳಿದರೆ ಒಪ್ಪಿಗೆ ಕೊಟ್ಟ ಹಾಗೆ. ಹಿಂದೆ ನನ್ನ ಸೋದರತ್ತೆಯನ್ನು ನೋಡಲು ಬಂದವರು ಮರೆತುಹೋದ ಕೊಡೆಯನ್ನು ಮರಳಿಸಲು ನಮ್ಮ ಅಜ್ಜಿ, ಅಪ್ಪನ ತಾಯಿ, ಆಳನ್ನು ಬಸ್ಸಿನ ಹಿಂದೆಯೇ ಓಡಿಸಿದ್ದಳಂತೆ. ಈಗ ಉಳಿದಿದ್ದದ್ದು ಕೊಡೆಯಲ್ಲ, ಕಾರು. ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಅಜ್ಜಿಗೂ ತಿಳಿಯಲಿಲ್ಲ. "ಕೊಡೆ ಮರ್ತೋಗೋದು ಬೇರೆ, ಕಾರ್ ಕೆಟ್ಟೋಗೋದು ಬೇರೆ" ಎಂದು ಅಣ್ಣ ವಾದ ಮಾಡಿದ. ಊರಿನವರಿಗೆ ಈ ವ್ಯತ್ಯಾಸ ಯಾಕೆ ಬೇಕು? ಮಾರನೆಯ ದಿನಕ್ಕೆ ಪುಟ್ಟೇನಹಳ್ಳಿಯ ತುಂಬ ಅದು 'ಅಳಿಯನ ಕಾರು' ಆಯಿತು.

ಮತ್ತಿಕೆರೆಯಿಂದ ಮಾತು ಮಾತ್ರ ಬರಲಿಲ್ಲ. ಬಂದದ್ದು ಗೋವಿಂದರಾಜು, ಭಾನುವಾರ, ಒಂದು ಕ್ಯಾನ್ವಾಸ್ ಚೀಲದ ತುಂಬ ಸ್ಪ್ಯಾನರು ಹೊತ್ತುಕೊಂಡು. ಆಮೇಲೆ ಪ್ರತಿ ಭಾನುವಾರ ಬಂದರು. ಅಣ್ಣನೂ ಅವರೂ ಸೇರಿ ಕೊಟ್ಟಿಗೆಯ ತೊಲೆಗೆ ರಾಟೆ ಕಟ್ಟಿ ಎಂಜಿನ್ನನ್ನು ಎತ್ತಿ ಆಚೆ ಇಟ್ಟರು. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ನಿಂತು ಒಂದರ ಕೈಯನ್ನು ಇನ್ನೊಂದಕ್ಕೆ ಹಿಡಿಸುವ ತಟ್ಟೆಯೇ ಕ್ಲಚ್ ಪ್ಲೇಟ್ ಎಂದು ನನಗೆ ತಿಳಿದದ್ದು ಆಗ. ಅದು ಸುಟ್ಟು ಕರಿಹಂಚಾಗಿತ್ತು.

ಮದುವೆಗೆ ನೋಡಿದ ಗಂಡು ಹೆಣ್ಣು ನೇರ ಮಾತಾಡುವಂತಿರಲಿಲ್ಲ. ನಾನು ಕಾಫಿ ತೆಗೆದುಕೊಂಡು ಹೋದಾಗಲೆಲ್ಲ ಅಜ್ಜಿ ಕಾವಲಿಗೆ ಜೊತೆಯಲ್ಲಿ ಬಂದು, ಬಿಚ್ಚಿಟ್ಟ ನೊಗದ ಮೇಲೆ ಕೂರುತ್ತಿದ್ದಳು. ಗೋವಿಂದರಾಜು ಏನು ಹೇಳುವುದಿದ್ದರೂ ಅಜ್ಜಿಗೇ ಹೇಳುತ್ತಿದ್ದರು. ಪಾಪ, ಆ ವರ್ಷ ನಮ್ಮ ಅಜ್ಜಿ ಕೇಳಿಸಿಕೊಂಡಷ್ಟು ಮೋಟಾರು ವಿದ್ಯೆಯನ್ನು ಬೆಂಗಳೂರು ಜಿಲ್ಲೆಯ ಇನ್ನಾವ ಮುದುಕಿಯೂ ಕೇಳಿಸಿಕೊಂಡಿರಲಾರಳು.

"ಅಜ್ಜಿ, ಇದ್ರಲ್ಲಿ ಟಿ.ಸಿ., ಟಿ.ಡಿ., ಟಿ.ಎಫ್. ಅಂತ ಮೂರು ಥರ ನೋಡಿ. ಟಿ.ಸಿ.ಗೆ ಮುಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಅಚ್ಚು, ನಿಮ್ಮ ಗಾಡಿ ಥರಾನೇ. ಒಂದು ಚಕ್ರ ಕಲ್ಲು ಹತ್ತಿದ್ರೆ ಇನ್ನೊಂದೂ ವಾಲುತ್ತೆ. ಟಿ.ಡಿ.ಲಿ ಆ ಚಕ್ರಕ್ಕೆ ಬೇರೆ, ಈ ಚಕ್ರಕ್ಕೆ ಬೇರೆ ಸ್ಪ್ರಿಂಗು. ಟಿ.ಎಫ್.ಗೆ ಮೂಗು ಹಿಂದಕ್ಕೆ ವಾಲಿರುತ್ತೆ, ದೀಪ ಎರಡೂ ಮಡ್‌ಗಾರ್ಡ್ ಒಳಗೇ ಕೂತಿರುತ್ವೆ."

"ಇದ್ಯಾವ್ದಪ್ಪ?"

"ಇದು ಟಿ.ಡಿ. ಆದ್ರೆ ಕಡ್ಡಿ ಚಕ್ರ ಇದ್ಯಲ್ಲ, ಅದು ಟಿ.ಡಿ.ದಲ್ಲ. ನಮ್ ಸಾಹೇಬ್ರು ಟಿ.ಎಫ್.ದು ತಂದು ಹಾಕಿಸ್ಕೊಂಡಿದ್ರು. ಟಿ.ಸಿ.ಗೂ ಕಡ್ಡಿ ಚಕ್ರಾನೇ, ಅದಕ್ಕೇ ನೋಡ್ದೋರೆಲ್ಲ ಇದನ್ನ ಟಿ.ಸಿ. ಅಂತಾರೆ."

ಅಜ್ಜಿ ತಲೆಯಾಡಿಸಿದಳು. ನನಗೆ ತಲೆ ಕೆಟ್ಟುಹೋಯಿತು. ನೋಡಿದರೆ ಒಂದು, ಹೆಸರು ಇನ್ನೊಂದು, ಚಕ್ರ ಮತ್ತೊಂದರದ್ದು. ಇದನ್ನೆಲ್ಲ ಅವರು ನಿಜವಾಗಿ ಹೇಳುತ್ತಿದ್ದದ್ದು ಯಾರಿಗೆ? ನನಗೋ? ಅಥವಾ ಕಾರಿನ ವಿಷಯ ಬಂದರೆ ಎದುರಿಗೆ ಎಮ್ಮೆ ನಿಂತಿದ್ದರೂ ಹೇಳುವ ಜಾತಿಯವರೋ? ಕಾರಿನ ಮೈಯೊಳಗೆ ಇರುವುದು ಮರದ ಚೌಕಟ್ಟು, ಅದರ ಮೇಲೆ ತಗಡು ಹೊದಿಸಿದ್ದಾರೆ ಎಂದಾಗ ಮಾತ್ರ ಅಜ್ಜಿಯ ಮುಖ ಅರಳಿತು. "ಒಳಗೆ ಮರ ಐತಾ? ಅಂಗಾದ್ರೆ ಇದೂ ಗಾಡೀನೇ ಬುಡು" ಎಂದು ಸಮಾಧಾನ ಪಟ್ಟುಕೊಂಡಳು.

ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಟಿ.ಡಿ. ಎಂದು ಒತ್ತಿ ಹೇಳಿಯೇ ಪ್ಲೇಟು ತರಿಸಿದ್ದರು. ಅದು ಮದರಾಸಿನಿಂದ ಬರುವಷ್ಟರಲ್ಲಿ ಭಾದ್ರಪದ ಅರ್ಧ ಕಳೆದಿತ್ತು. ಬಿಚ್ಚಿ ಹಳೆಯದರ ಮೇಲಿಟ್ಟು ನೋಡಿದರೆ ರೊಟ್ಟಿಯ ಮೇಲೆ ಪೂರಿ ಇಟ್ಟ ಹಾಗಿತ್ತು. ಟಿ.ಡಿ.ಯಲ್ಲೂ ಎರಡು ಬಗೆಯಂತೆ. ಮೊದಮೊದಲು ಬಂದವಕ್ಕೆ ಚಿಕ್ಕ ತಟ್ಟೆ, ಆಮೇಲಿನವಕ್ಕೆ ಎಂಟಿಂಚಿನದು. ಹೊರಗಿನಿಂದ ನೋಡಿದರೆ ಎರಡು ಬಗೆಯ ಕಾರಿಗೂ ಏನೂ ವ್ಯತ್ಯಾಸವಿಲ್ಲ. ಮತ್ತೆ ಬರೆದು ಹಾಕಿದರು, ಮತ್ತೆ ಕಾದರು. ನಾನೂ ಕಾಯುತ್ತಿದ್ದೆ. ಪ್ಲೇಟು ಬೇಗ ಬರಲಿ ಎಂದೋ, ಬಾರದಿರಲಿ ಎಂದೋ ನನಗೇ ಸ್ಪಷ್ಟವಿರಲಿಲ್ಲ. ಬಂದರೆ ಕಾರು ಹೋಗುತ್ತದೆ, ಭಾನುವಾರಗಳೂ ಹೋಗುತ್ತವೆ.

ಅಷ್ಟರಲ್ಲಿ ದೊಡ್ಡಬಳ್ಳಾಪುರದ ಕಡೆಯಿಂದ ಇನ್ನೊಂದು ಸಂಬಂಧದ ಮಾತು ತೆಗೆದುಕೊಂಡು ಒಬ್ಬ ಹಿರಿಯರು ಬಂದರು. ಕೊಟ್ಟಿಗೆಯ ಮುಂದೆಯೇ ಹಾದು ಬರಬೇಕಲ್ಲ. ಜಗಲಿಯಲ್ಲಿ ಕೂತು ಕಾಫಿ ಕುಡಿದು, "ಮೊದ್ಲೇ ಗೊತ್ತಾಗಿದ್ರೆ ಬತ್ತಾನೇ ಇರ್ಲಿಲ್ಲ ಯಜಮಾನ್ರೇ. ಒಳ್ಳೇದಾಗ್ಲಿ" ಎಂದು ಎದ್ದರು. ಅಪ್ಪ "ಅಂಗೇನಿಲ್ಲ, ಅದು ರಿಪೇರಿಗೆ..." ಎನ್ನುವಷ್ಟರಲ್ಲಿ ಅವರು ಅಂಗಳ ದಾಟಿದ್ದರು. ಅವತ್ತು ಅಪ್ಪ ಊಟ ಮಾಡಲಿಲ್ಲ. ನನಗೂ ಹೆದರಿಕೆ ಹತ್ತಿತು. ಮತ್ತಿಕೆರೆಯವರು ಬೇಡವೆಂದರೆ, ಇಷ್ಟು ದಿನ ಆ ಕಾರು ನಮ್ಮಲ್ಲಿ ಯಾಕಿತ್ತು ಎಂದು ಊರು ಕೇಳುತ್ತದೆ. ಆಮೇಲೆ ನನ್ನನ್ನು ನೋಡಲು ಯಾರು ಬರುತ್ತಾರೆ?

ಆಯುಧ ಪೂಜೆಯ ದಿನ, ಇದ್ದ ಗೊಂದಲಕ್ಕೆ ಅಜ್ಜಿ ತನ್ನದನ್ನೂ ಸೇರಿಸಿದಳು. ಬೆಳಿಗ್ಗೆ ನೇಗಿಲು, ಕುಂಟೆ, ಗುದ್ದಲಿ, ಗಾಡಿ ಎಲ್ಲ ತೊಳೆದು ಅರಿಶಿನ ಕುಂಕುಮ ಇಟ್ಟಾಯಿತು. ಕಾರಿನ ಮುಂದೆ ಬಂದು ನಿಂತಳು.

"ಅದು ನಮ್ದಲ್ಲ ಕಣಜ್ಜಿ" ಎಂದ ಅಣ್ಣ.

"ಯಾರ್ದಾದ್ರೂ ಇರ್ಲಿ. ಕೊಟ್ಟಿಗೇಲಿರೋದುಕ್ಕೆಲ್ಲ ಪೂಜೆ ಆಗ್ಬೇಕು. ಒಂದ್ನ ಬುಟ್ರೆ ಮುನಿಸ್ಕೊಂತದೆ."

ರೇಡಿಯೇಟರಿನ ಮೇಲೆ ವಿಭೂತಿ ಪಟ್ಟೆ ಬಂತು. ಎರಡು ದೀಪಗಳ ನಡುವೆ ಚೆಂಡುಹೂವಿನ ಹಾರ, ಕಡ್ಡಿ ಚಕ್ರಗಳ ಕೆಳಗೆ ನಿಂಬೆಹಣ್ಣು. ಬೂದುಗುಂಬಳ ಒಡೆದ ಮೇಲೆ, ತನ್ನ ಸೊಂಟ ಬಗ್ಗುವುದಿಲ್ಲವೆಂದು ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಎತ್ತಿದೆ. ಬೇಲಿಯಾಚೆ ಬೀದಿಯವರೆಲ್ಲ ನಿಂತಿದ್ದರೆಂದು ಆರತಿ ಮುಗಿದ ಮೇಲೆ ಕಂಡಿತು. ಎಂಜಿನ್ ಇಲ್ಲದ, ಇನ್ನೂ ಹೂಂ ಎನ್ನದ ಮನೆಯ ಕಾರಿಗೆ ಆರತಿ ಎತ್ತಿದ ಹುಡುಗಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಸುದ್ದಿ ಮತ್ತಿಕೆರೆ ಮುಟ್ಟಲು ವಾರ ಹಿಡಿಯಲಿಲ್ಲ. ಗೋವಿಂದರಾಜು ಅವರ ದೊಡ್ಡಪ್ಪ ಒಬ್ಬರೇ ಬಂದರು. ಜಗಲಿಯ ಮೇಲೂ ಕೂರಲಿಲ್ಲ. "ನೋಡಿ, ನಮ್ ತಮ್ಮನ ಹೆಂಡ್ತಿ ಹೇಳಿ ಕಳಿಸಿದ್ದಾರೆ. ಕಾರ್ ಬಿಟ್ಟಿರೋದು ರಿಪೇರಿಗೆ, ಮಾತಿಗಲ್ಲ. ಇನ್ನೂ ಯೋಚ್ನೆ ಮಾಡ್ತಾ ಇದೀವಿ. ನೀವು ಪೂಜೆಗೀಜೆ ಅಂತ ಅವಸರ ಮಾಡ್ಬೇಡಿ" ಎಂದು ನಿಂತಲ್ಲೇ ಹೇಳಿ ಹೋದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಅವಮಾನ ಎಂದರೆ ಏನೆಂದು ಅವತ್ತು ಗೊತ್ತಾಯಿತು.

"ನಾಳೆ ಎತ್ತು ಕಟ್ಟಿ ಎಳ್ಕೊಂಡೋಗಿ ಅವ್ರ ಬಾಗ್ಲಾಗೆ ಬುಟ್ಟು ಬತ್ತೀನಿ" ಎಂದು ಅಪ್ಪ ಎದ್ದು ನಿಂತ.

"ಎಂಜಿನ್ನು ಒಂದ್ಕಡೆ, ಕಾರು ಒಂದ್ಕಡೆ ಐತೆ ಕಣಪ್ಪ. ಎರಡು ಗಾಡಿ ಕಟ್ಬೇಕಾಗ್ತದೆ" ಎಂದ ಅಣ್ಣ.

ಅಪ್ಪನ ಮುಖ ನೋಡಲಾರದೆ ಅಣ್ಣ ಆ ವಾರವೇ ಕೆಲಸ ಮುಗಿಸಿಬಿಡುತ್ತೇನೆಂದು ಹೊರಟ. ದೊಡ್ಡ ಪ್ಲೇಟು ಅಷ್ಟರಲ್ಲಿ ಬಂದಿತ್ತು. ಭಾನುವಾರದವರೆಗೆ ಕಾಯದೆ, ಪಕ್ಕದ ಮನೆಯವರನ್ನು ಕರೆದು ಎಂಜಿನ್ನನ್ನು ಒಳಗಿಳಿಸಿ ಬೋಲ್ಟು ಕೂರಿಸತೊಡಗಿದ. ಒಂದು ಬೋಲ್ಟು ಕೊಟ್ಟಿಗೆಯ ಕಸದಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅದೇ ಅಳತೆಯ ತಲೆಯ ಬೋಲ್ಟನ್ನು ಅಣ್ಣ ಹೊರಗಿನಿಂದ ತಂದ. ಅದೇ ಸ್ಪ್ಯಾನರು ಸರಿಯಾಗಿ ಹಿಡಿಯಿತು. ಎರಡು ಸುತ್ತು ಹೋಗಿ ನಿಂತಿತು. ತುಕ್ಕು ಹಿಡಿದಿರಬೇಕೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಲ ಹಾಕಿದ. ಕಟಕ್ ಎಂದಿತು. ತೂತಿನೊಳಗಿನ ಥ್ರೆಡ್ಡೆಲ್ಲ, ಬೋಲ್ಟನ್ನು ಹಿಡಿಯುವ ಸುರುಳಿ ಗೆರೆಗಳೆಲ್ಲ, ಕಿತ್ತು ಬಂತು. ಕಾರು ಇನ್ನೊಂದಷ್ಟು ದಿನ ನಮ್ಮಲ್ಲೇ ಉಳಿಯುವ ಹಾಗಾಯಿತು.

ಭಾನುವಾರ ಗೋವಿಂದರಾಜು ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದೆವು. ಬಂದರು. ತಮ್ಮ ಮನೆಯಿಂದ ಬಂದ ಮಾತಿನ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಕೆಟ್ಟ ತೂತಿನೊಳಗೆ ಬೆರಳಿಟ್ಟು ನೋಡಿ, ಅಣ್ಣನನ್ನು ಬಯ್ಯದೆ, ಅಜ್ಜಿಯ ಕಡೆ ತಿರುಗಿದರು.

"ತಪ್ಪು ಇವ್ರದಲ್ಲ ಅಜ್ಜಿ. ಇಂಥ ಎಂಜಿನ್ ಮಾಡ್ತಿದ್ದ ಕಾರ್ಖಾನೆ ಮೊದ್ಲು ಫ್ರಾನ್ಸಿನೋರ್ದು. ಅಲ್ಲಿನ ಮಷೀನೆಲ್ಲ ಮಿಲಿಮೀಟರ್ ಲೆಕ್ಕದ್ದು. ಇಂಗ್ಲಿಷ್ನೋರು ತಗೊಂಡ್ಮೇಲೂ ಥ್ರೆಡ್ ಬದಲಾಯಿಸ್ಲಿಲ್ಲ. ತಮ್ಮ ಸ್ಪ್ಯಾನರ್ ಹಿಡೀಲಿ ಅಂತ ಬೋಲ್ಟಿನ ತಲೆ ಮಾತ್ರ ಇಂಚಿನ ಲೆಕ್ಕಕ್ಕೆ ಮಾಡಿದ್ರು. ಸ್ಪ್ಯಾನರ್ ಕೂತ್ರೂ ಹೊರಗಿಂದ ತಂದ ಬೋಲ್ಟ್ ಕೂರಲ್ಲ."

"ತಲೆ ಒಂದು ದೇಸದ್ದು, ಮೈ ಒಂದು ದೇಸದ್ದಾ?" ಎಂದಳು ಅಜ್ಜಿ. "ಎಂಗಪ್ಪ ಸಂಸಾರ ಮಾಡ್ತದೆ ಇದು?"

ಗೋವಿಂದರಾಜು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕಣ್ಣಿಗೆ ಈ ಮನುಷ್ಯನೂ ಆ ಬೋಲ್ಟಿನ ಥರದವರೇ ಆಗಿ ಕಂಡರು. ತಾಯಿ ಒಂದು ಹೇಳಿ ಕಳಿಸುತ್ತಾರೆ, ಮಗ ಏನೂ ನಡೆಯದವರಂತೆ ಬಂದು ಕಾಫಿ ಕುಡಿಯುತ್ತಾರೆ. ಮದುವೆಯ ಮಾತಿಲ್ಲ, ಬೇಡವೆಂಬ ಮಾತೂ ಇಲ್ಲ.

ಕೆಟ್ಟ ತೂತನ್ನು ದೊಡ್ಡದು ಮಾಡಿ, ಲೇತಿನಲ್ಲಿ ಕಡೆದು ತಂದ, ಲೋಹದ ಬಳೆಯಂಥ ಒಂದು ಬುಷ್ಷನ್ನು ಕೂರಿಸಿ, ಅದರೊಳಗೆ ಸರಿಯಾದ ಥ್ರೆಡ್ಡು ತೆಗೆಯುವ ಹೊತ್ತಿಗೆ ಕಾರ್ತಿಕವೂ ಮುಗಿದಿತ್ತು. ಅವರೆಕಾಯಿ ಬಂದಿತ್ತು. ಅಜ್ಜಿ ನೊಗದ ಮೇಲೆ ಕೂತು ಕಾಯಿ ಸುಲಿಯುತ್ತ ಕಾವಲಿದ್ದಳು. ಧನುರ್ಮಾಸ ಹಿಡಿದರೆ ಸಂಕ್ರಾಂತಿಯವರೆಗೆ ಮದುವೆ ಮಾತಿಲ್ಲ, ಅಷ್ಟರೊಳಗೆ ಏನಾದರೊಂದು ಆಗಬೇಕೆಂದು ಅಪ್ಪ ಜಗಲಿಯಲ್ಲಿ ಒಬ್ಬನೇ ಗೊಣಗುತ್ತಿದ್ದ.

ಎಂಜಿನ್ ಮತ್ತೆ ಮೊದಲ ಸಲ ಸ್ಟಾರ್ಟ್ ಆದ ದಿನ ಕೋಳಿಗಳೆಲ್ಲ ಹಾರಿ ಬೇಲಿ ಹತ್ತಿದವು. ಈ ಕಾರಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರು ಒಂದಲ್ಲ, ಎರಡು. ಎರಡೂ ಒಂದೇ ಸಮ ಉಸಿರೆಳೆಯಬೇಕು, ಇಲ್ಲದಿದ್ದರೆ ಎಂಜಿನ್ ಕುಂಟುತ್ತದೆ. "ಜೋಡೆತ್ತಿದ್ದಂಗೆ" ಎಂದು ಅಪ್ಪ ಅಂದ. ಆ ಕಾರಿನಲ್ಲಿ ಅವನಿಗೆ ತಿಳಿದ ಒಂದೇ ಭಾಗ ಅದು. ಗೋವಿಂದರಾಜು ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಮ್ಮೆ ಅದರ ಬಾಯಿಗೆ, ಒಮ್ಮೆ ಇದರ ಬಾಯಿಗೆ ಹಿಡಿದು ಸ್ಕ್ರೂ ತಿರುಗಿಸುತ್ತಿದ್ದರು. "ಕೇಳಿ ಅಜ್ಜಿ" ಎಂದು ಕೊಳವೆಯನ್ನು ಚಾಚಿದರು. ಅಷ್ಟು ದಿನ ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಕೈ ಕೊಡವಿ, "ನಂಗೆ ಗುಡುಗೇ ಕೇಳಾಕಿಲ್ಲ, ಅವ್ಳಿಗೆ ಕೊಡು" ಎಂದಳು. ನಾನು ಕಿವಿಗಿಟ್ಟುಕೊಂಡೆ. ಸುಸ್ ಎನ್ನುತ್ತಿತ್ತು. ಇನ್ನೊಂದಕ್ಕೆ ಹಿಡಿದರು. ಅದೂ ಸುಸ್ ಎಂದಿತು, ಸ್ವಲ್ಪ ಮೆತ್ತಗೆ. "ಎರಡನೇದು ಕಡಿಮೆ" ಎಂದೆ, ನೇರ ಅವರಿಗೇ. ಅವರು ಸ್ಕ್ರೂ ತಿರುಗಿಸಿದರು, ಸರಿಯಾಯಿತು. ಆ ಒಂದು ಗಳಿಗೆ ನನಗೆ ಬಹಳ ಸಂತೋಷವಾಗಿತ್ತು.

ಅಪ್ಪನನ್ನು ಕೂರಿಸಿಕೊಂಡು ಕೆರೆ ಏರಿಯವರೆಗೆ ಒಂದು ಸುತ್ತು ಹೋಗಿ ಬಂದರು. ಕ್ಲಚ್ಚು ಬೆಣ್ಣೆಯಂತಿತ್ತು. ಅಪ್ಪ ಕೆಳಗಿಳಿದು, ಇನ್ನೇನು ಹೇಳುತ್ತಾರೋ ಎಂದು ಕಾದು, ಅವರು ಏನೂ ಹೇಳದ್ದನ್ನು ನೋಡಿ ತೋಟದ ಕಡೆ ನಡೆದುಬಿಟ್ಟ. ಅಣ್ಣ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದ. ನಾನು ಮಜ್ಜಿಗೆ ತೆಗೆದುಕೊಂಡು ಹೋದೆ. ಅಜ್ಜಿ ಅಲ್ಲೇ ಇದ್ದಳು. ಇರಲಿ, ಕೇಳಿಸಿಕೊಳ್ಳಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

"ಇಷ್ಟು ದಿನ ಬಂದಿದ್ದು ಕಾರಿಗೋ, ನನಗೋ?"

ಗೋವಿಂದರಾಜು ಲೋಟ ಹಿಡಿದುಕೊಂಡೇ ನಿಂತರು. "ನಿಜ ಹೇಳ್ಲಾ? ನನಗೇ ಗೊತ್ತಾಗ್ತಿಲ್ಲ. ಸೋಮವಾರದಿಂದ್ಲೇ ಭಾನುವಾರಕ್ಕೆ ಕಾಯ್ತೀನಿ. ಇಲ್ಲಿ ಬಂದ್ರೆ ಮನಸ್ಸಿಗೆ ಹಿತ. ಅದು ಈ ಕಾರಿಂದ ಅಂತ ಮನೇಲಿ ಅಂತಾರೆ. ನಾನೂ ಇರ್ಬೋದು ಅಂದ್ಕೊಂಡೆ. ಅಮ್ಮ ಕೇಳಿದ್ರೂ ಇದೇ ಹೇಳ್ದೆ. ಸುಳ್ಳು ಹೇಳಿ ನಿಮ್ಮನ್ನ ಕರ್ಕೊಂಡೋಗೋದು ಹೇಗೆ?"

ಒಳ್ಳೆಯ ಮಾತೋ ಕೆಟ್ಟ ಮಾತೋ ನನಗೆ ತಿಳಿಯಲಿಲ್ಲ. ಅಳು ಬಂತು, ಅದನ್ನು ಸಿಟ್ಟು ಮಾಡಿಕೊಂಡೆ. "ಹಾಗಾದ್ರೆ ಕಾರ್ ತಗೊಂಡು ಹೊರಡಿ. ನಮ್ಮ ಗಾಡಿ ನಾಲ್ಕು ತಿಂಗಳಿಂದ ಹೊರಗೆ ನೆನೀತಿದೆ" ಎಂದೆ. ಅವರು ಮಜ್ಜಿಗೆ ಕುಡಿದು, ಲೋಟವನ್ನು ನೊಗದ ಮೇಲಿಟ್ಟು, ಅಜ್ಜಿಗೆ ನಮಸ್ಕಾರ ಮಾಡಿ ಹೊರಟುಹೋದರು. ಏರಿಯ ಮೇಲೆ ಗೇರು ಬದಲಾದ ಸದ್ದು ಕೊಟ್ಟಿಗೆಯವರೆಗೂ ಕೇಳಿಸಿತು.

ಆ ವಾರ ಅಣ್ಣ ಗಾಡಿಯನ್ನು ಕೊಟ್ಟಿಗೆಯೊಳಕ್ಕೆ ತಳ್ಳಿದ. ನೆಲದ ಮೇಲಿನ ಗ್ರೀಸಿನ ಕರೆಯ ಮೇಲೆ ಅವ್ವ ಬೂದಿ ಹಾಕಿದಳು. ನಾನು ಬಾಯಿ ಜೋರು ಮಾಡಿ ಇದ್ದದ್ದನ್ನೂ ಕಳೆದುಕೊಂಡೆನೆಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಇದ್ದದ್ದಾದರೂ ಏನು?

ಭಾನುವಾರ ಬಂತು. ಎರಡು ದಿನ ಕಳೆದರೆ ಧನುರ್ಮಾಸ. ಬೆಳಗಿನಿಂದ ನನ್ನ ಕಿವಿ ಏರಿಯ ಕಡೆಗೇ ಇತ್ತು. ಆ ಎಂಜಿನ್ನಿನ ಸದ್ದನ್ನು ಊರಾಚೆಯಿಂದಲೇ ಗುರುತು ಹಿಡಿಯುತ್ತಿದ್ದೆ. ಯಾವ ಸದ್ದೂ ಬರಲಿಲ್ಲ. ಊಟದ ಹೊತ್ತಾಯಿತು, ಊಟವೂ ಆಯಿತು. ಇನ್ನಿಲ್ಲ ಎಂದು ಅವರೆಕಾಳು ಹಿಸುಕಲು ಕೂತೆ.

ನಾಯಿ ಬೊಗಳಿತು. ಅಂಗಳದಲ್ಲಿ ಅಣ್ಣನ ದನಿ ಕೇಳಿಸಿತು. "ಏನ್ ಸಾರ್, ನಡ್ಕೊಂಡ್ ಬಂದ್ರಾ? ಮತ್ತೆ ಕೆಡ್ತಾ?"

"ಇಲ್ಲ. ಚೆನ್ನಾಗಿ ಓಡ್ತಿದೆ. ಮನೆ ಹತ್ರ ನಿಲ್ಸಿದೀನಿ" ಎಂದರು ಗೋವಿಂದರಾಜು. "ಯಲಹಂಕದವರೆಗೆ ಬಸ್ಸಲ್ಲಿ ಬಂದೆ. ಅಮ್ಮನೂ ಬಂದಿದ್ದಾರೆ, ಏರಿ ಮೇಲೆ ನಿಧಾನಕ್ಕೆ ಬರ್ತಿದ್ದಾರೆ."

"ಕಾರ್ ಇಟ್ಕೊಂಡು ಬಸ್ಸಲ್ಲಿ ಯಾಕೆ ಬಂದ್ರಿ?"

"ಇವತ್ತು ಕಾರಿನ ಕೆಲಸ ಏನೂ ಇರ್ಲಿಲ್ಲ."

ಶ್ರಾವಣದಿಂದ ಅಲ್ಲಿಯವರೆಗೆ ಆ ಮನುಷ್ಯ ಆಡಿದ ಮಾತುಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ.